ಸೊಂಟದ ಕೀಲು ಬದಲಿಸಿದ ಮೇಲೆ: ಚಾಪೆ, ಪಥ್ಯ, ಎಣ್ಣೆ ಮಾಲೀಷು – ಯಾವುದು ಸರಿ, ಯಾವುದು ಅಪಾಯ?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಕಡೆಯವರು ಸೊಂಟದ ಕೀಲು ಬದಲಾವಣೆ ಆಪರೇಷನ್‌ಗೆ ಸಾಮಾನ್ಯವಾಗಿ ತುಮಕೂರಿಗೋ ಬೆಂಗಳೂರಿಗೋ ಹೋಗುತ್ತಾರೆ. ಪಾವಗಡದಿಂದ ಬೆಂಗಳೂರು 150 ಕಿ.ಮೀ.ಗೂ ಹೆಚ್ಚು ದೂರ. ಕೆಲವೇ ದಿನಗಳಲ್ಲಿ ಡಿಸ್ಚಾರ್ಜ್ ಆಗಿ ಊರಿಗೆ ಬಂದರೆ, ಮುಂದಿನ ಮೂರು ತಿಂಗಳ ಆರೈಕೆ ಮನೆಯವರದೇ. ನೋಡಲು ಬಂದವರೆಲ್ಲ ಒಂದೊಂದು ಸಲಹೆ ಕೊಡುವುದೂ ಆಗಲೇ.

ಆಪರೇಷನ್‌ನಲ್ಲಿ ಏನು ಮಾಡುತ್ತಾರೆ?

ತೊಡೆಮೂಳೆಯ ತುದಿಯ ಗುಂಡು, ಸೊಂಟದ ಮೂಳೆಯ ಬಟ್ಟಲಿನಲ್ಲಿ ಕೂತು ತಿರುಗುತ್ತದೆ. ಅದು ಸವೆದಾಗ, ಮುರಿದಾಗ ಅಥವಾ ರಕ್ತ ಸಂಚಾರ ನಿಂತು ಕುಸಿದಾಗ ಕೃತಕ ಗುಂಡು, ಬಟ್ಟಲು ಕೂರಿಸುತ್ತಾರೆ. ಇಂಗ್ಲೆಂಡಿನ ಜಾನ್ ಚಾರ್ನ್ಲಿ 1962ರಲ್ಲಿ ರೂಪಿಸಿದ ಕೀಲು ಇಂದಿನ ವಿಧಾನಕ್ಕೆ ಬುನಾದಿ. 2019ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆಯ ಪ್ರಕಾರ, ಇಂಥ ಕೀಲುಗಳಲ್ಲಿ ಸುಮಾರು ಶೇ. 58ರಷ್ಟು 25 ವರ್ಷ ಬಾಳುತ್ತವೆ. ಆದರೆ ಸುತ್ತಲಿನ ಸ್ನಾಯು ಗಟ್ಟಿಯಾಗುವ ಮೊದಲ ಮೂರು ತಿಂಗಳಲ್ಲಿ ಕೀಲು ಜಾರುವ ಅಪಾಯ ಹೆಚ್ಚು.

“ಮೂರು ತಿಂಗಳು ಮಲಗಿರಬೇಕು” – ತಪ್ಪು

ಹೆಚ್ಚಿನವರನ್ನು ಆಪರೇಷನ್ ಆದ ದಿನವೇ ಅಥವಾ ಮರುದಿನ ವಾಕರ್ ಹಿಡಿಸಿ ನಡೆಸುತ್ತಾರೆ. ಮಲಗಿಯೇ ಇದ್ದರೆ ಸ್ನಾಯು ಸೊರಗುತ್ತದೆ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಆ ಹೆಪ್ಪು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಈ ಭಯ ಮನೆಗೆ ಬಂದ ಮೇಲೂ ಕೆಲವು ವಾರ ಇರುತ್ತದೆ. ಹಾಗಾಗಿ ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಮಾತ್ರೆ, ಇಂಜೆಕ್ಷನ್ ಅನ್ನು “ನೋವಿಲ್ಲವಲ್ಲ” ಎಂದು ನಿಲ್ಲಿಸಬೇಡಿ. ಕಾರಿನಲ್ಲಿ ಊರಿಗೆ ಬರುವಾಗ ಮುಂದಿನ ಸೀಟನ್ನು ಹಿಂದಕ್ಕೆ ಸರಿಸಿ, ದಿಂಬು ಹಾಕಿ ಎತ್ತರ ಮಾಡಿ. ಗಂಟೆಗೊಮ್ಮೆ ಇಳಿದು ನಾಲ್ಕು ಹೆಜ್ಜೆ ನಡೆಸಿ.

ಮೆಟ್ಟಿಲಿಗೆ ಸುಲಭ ಸೂತ್ರ: ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ಒಂದೇ ಕೋಲು ಹಿಡಿದರೆ ಅದು ಒಳ್ಳೆಯ ಕಾಲಿನ ಕಡೆಯ ಕೈಯಲ್ಲಿರಲಿ.

ಚಾಪೆ, ಚಕ್ಕಳಮಕ್ಕಳ, ಕುಕ್ಕರಗಾಲು

ನಮ್ಮ ಮನೆಗಳಲ್ಲಿ ದೊಡ್ಡ ತೊಡಕು ಇದೇ. ಹಿಂಭಾಗದಿಂದ ಕೊಯ್ದು ಮಾಡಿದ ಆಪರೇಷನ್ ಆದರೆ ಸಾಮಾನ್ಯವಾಗಿ 6ರಿಂದ 12 ವಾರ ಮೂರು ಕಟ್ಟುಪಾಡು ಹೇಳುತ್ತಾರೆ: ಸೊಂಟವನ್ನು 90 ಡಿಗ್ರಿಗಿಂತ ಹೆಚ್ಚು ಮಡಚಬಾರದು, ಕಾಲಿನ ಮೇಲೆ ಕಾಲು ಹಾಕಬಾರದು, ಪಾದವನ್ನು ಒಳಕ್ಕೆ ತಿರುಗಿಸಬಾರದು. ನೆಲದ ಮೇಲೆ ಕೂತು ಮುದ್ದೆ ಉಣ್ಣುವುದು, ಚಾಪೆಯಿಂದ ಏಳುವುದು, ಬಗ್ಗಿ ಚೆಂಬು ಎತ್ತುವುದು, ಕುಕ್ಕರಗಾಲಲ್ಲಿ ಶೌಚಕ್ಕೆ ಕೂರುವುದು – ಎಲ್ಲವೂ ಈ ಕಟ್ಟುಪಾಡನ್ನು ಮುರಿಯುತ್ತವೆ. ಆದ್ದರಿಂದ ಆಸ್ಪತ್ರೆಗೆ ಹೋಗುವ ಮೊದಲೇ ಎತ್ತರದ ಮಂಚ, ಕೈ ಇರುವ ಗಟ್ಟಿ ಕುರ್ಚಿ, ಕಮೋಡ್ ಕುರ್ಚಿ, ಸ್ನಾನಕ್ಕೆ ಎತ್ತರದ ಸ್ಟೂಲು ಸಿದ್ಧ ಮಾಡಿಕೊಳ್ಳಿ. ಕೂತಾಗ ಮಂಡಿ ಸೊಂಟಕ್ಕಿಂತ ಮೇಲೆ ಬರಬಾರದು. ಮುಂಭಾಗದಿಂದ ಮಾಡಿದ ಆಪರೇಷನ್‌ಗೆ ನಿಯಮ ಬೇರೆ ಇರಬಹುದು. ಪಕ್ಕದ ಮನೆಯವರಿಗೆ ಹೇಳಿದ್ದು ನಿಮಗೆ ಹೊಂದಬೇಕೆಂದಿಲ್ಲ.

ಪಾವಗಡದ ನೀರಿಗೂ ಇದಕ್ಕೂ ಏನು ಸಂಬಂಧ?

ಪಾವಗಡ ಮತ್ತು ಸುತ್ತಲಿನ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದು ದಶಕಗಳಿಂದ ಗೊತ್ತಿರುವ ಸಂಗತಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿ.ಗ್ರಾಂ ಮೀರಬಾರದು ಎಂಬುದು ಮಿತಿ. ಹೆಚ್ಚು ಫ್ಲೋರೈಡ್ ಇರುವ ನೀರನ್ನು ವರ್ಷಗಟ್ಟಲೆ ಕುಡಿದವರಲ್ಲಿ ಬೆನ್ನುಮೂಳೆ, ಕೀಲುಗಳು ಬಿಗಿಯುತ್ತವೆ. ನಾವು ಕೂತಾಗ ಬೆನ್ನು ಮತ್ತು ಸೊಂಟ ಬಾಗುವ ಕೆಲಸವನ್ನು ಹಂಚಿಕೊಳ್ಳುತ್ತವೆ. ಬೆನ್ನು ಬಿಗಿದಿದ್ದರೆ ಆ ಭಾರವೆಲ್ಲ ಹೊಸ ಕೀಲಿನ ಮೇಲೆ ಬಿದ್ದು, ಅದು ಜಾರುವ ಸಾಧ್ಯತೆ ಹೆಚ್ಚುತ್ತದೆ. ಬಹುಕಾಲದಿಂದ ಬೆನ್ನು ಬಗ್ಗುತ್ತಿಲ್ಲ ಎಂದಾದರೆ ಆಪರೇಷನ್‌ಗೆ ಮೊದಲೇ ವೈದ್ಯರಿಗೆ ಹೇಳಿ. ಅಂದಹಾಗೆ, ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ.

“ಬೇಳೆ, ಮೊಟ್ಟೆ, ಕಡಲೆಕಾಯಿ ನಂಜು” – ತಪ್ಪು

ಇವುಗಳಿಂದ ಗಾಯ ಕೀವಾಗುವುದಿಲ್ಲ. ಕೀವಿಗೆ ಕಾರಣ ಸೋಂಕು. ಗಾಯ ಕೂಡಲು ಪ್ರೋಟೀನ್ ಬೇಕು. ಅದು ಸಿಗುವುದು ಬೇಳೆ, ಹುರುಳಿ, ಹಾಲು, ಮೊಟ್ಟೆ, ಕಡಲೆಕಾಯಿಯಿಂದಲೇ. ಸಕ್ಕರೆ ಕಾಯಿಲೆ ಇದ್ದರೆ ಸಕ್ಕರೆ ಹತೋಟಿಯಲ್ಲಿಡುವುದು ನಿಜವಾದ ಪಥ್ಯ. ಬೀಡಿ, ಸಿಗರೇಟು ಗಾಯ ಮಾಯುವುದನ್ನು ತಡ ಮಾಡುತ್ತವೆ.

ಎಣ್ಣೆ ಮಾಲೀಷು, ನಾಟಿ ಕಟ್ಟು?

ಗಾಯಕ್ಕೆ ಎಣ್ಣೆ, ಅರಿಶಿನ, ಸೊಪ್ಪಿನ ರಸ ಬೇಡ. ಹೊಸ ಕೀಲಿಗೆ ಸೋಂಕು ಇಳಿದರೆ ಮತ್ತೆ ಆಪರೇಷನ್ ಮಾಡಬೇಕಾಗಬಹುದು. ಊದಿದ ಮೀನಖಂಡವನ್ನು ಉಜ್ಜಬೇಡಿ. ಒಳಗೆ ಹೆಪ್ಪು ಇದ್ದರೆ ಅದು ಕದಲಬಹುದು. ಕೀಲು ಜಾರಿದರೆ ಎಳೆದು ಕೂರಿಸಲು, ನಾಟಿ ಕಟ್ಟು ಕಟ್ಟಲು ಯಾರಿಗೂ ಬಿಡಬೇಡಿ.

ಯಾವಾಗ ಕಾಯಬಾರದು?

ಏಕಾಏಕಿ ಉಸಿರುಗಟ್ಟುವುದು, ಎದೆನೋವು; ಒಂದೇ ಕಾಲಿನ ಮೀನಖಂಡದಲ್ಲಿ ಊತ, ನೋವು; ಹಠಾತ್ ನೋವು ಬಂದು ಕಾಲು ಗಿಡ್ಡವಾದಂತೆ ಅಥವಾ ತಿರುಚಿದಂತೆ ಕಾಣುವುದು; ಜ್ವರ, ಗಾಯದಿಂದ ಕೀವು ಅಥವಾ ನೀರು ಸೋರುವುದು – ಇವುಗಳಲ್ಲಿ ಯಾವುದಾದರೂ ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ. ಉಸಿರಾಟದ ತೊಂದರೆ, ಎದೆನೋವಿದ್ದರೆ ಕೂಡಲೇ 108ಕ್ಕೆ ಕರೆ ಮಾಡಿ.

ಡಿಸ್ಚಾರ್ಜ್ ದಿನ ನಾಲ್ಕು ವಿಷಯ ಬರೆಸಿಕೊಳ್ಳಿ: ಯಾವ ಭಂಗಿ ಎಷ್ಟು ವಾರ ಬೇಡ, ಹೆಪ್ಪುಗಟ್ಟದ ಔಷಧಿ ಎಂದಿನವರೆಗೆ, ಹೊಲಿಗೆ ತೆಗೆಯುವುದು ಯಾವಾಗ, ರಾತ್ರಿ ತೊಂದರೆಯಾದರೆ ಯಾವ ನಂಬರು. ಆ ಚೀಟಿ ಮನೆಯವರೆಲ್ಲರಿಗೂ ಕಾಣುವಂತೆ ಗೋಡೆಯ ಮೇಲಿರಲಿ.