350ರ ಬೈಕಿಗೆ 500ರ ಎಂಜಿನ್: ಬೋಲ್ಟ್ ಕೂತರೆ ಸಾಕೇ?

“350 ಬೈಕಿಗೆ 500ರ ಎಂಜಿನ್ ಹಾಕಿಸಿದರೆ ಆಯ್ತು, ಎರಡೂ ಒಂದೇ ಕಂಪನಿಯದಲ್ವಾ?” ಬೈಕ್ ಪ್ರಿಯರ ನಡುವೆ ಆಗಾಗ ಕೇಳಿಬರುವ ಮಾತಿದು. ಇದರಲ್ಲಿ ನಿಜವೆಷ್ಟು?

ಸಿಸಿ ಎಲ್ಲಿಂದ ಬರುತ್ತದೆ?

ಬೋರ್ ಎಂದರೆ ಸಿಲಿಂಡರ್‌ನ ಒಳಗಿನ ಅಗಲ. ಸ್ಟ್ರೋಕ್ ಎಂದರೆ ಪಿಸ್ಟನ್ ಮೇಲೆ-ಕೆಳಗೆ ಸಾಗುವ ದೂರ. ಇವೆರಡೂ ಸೇರಿ ಸಿಸಿ ನಿರ್ಧಾರವಾಗುತ್ತದೆ. 2009ರಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರ ಬೋರ್ 70 ಮಿ.ಮೀ., ಕ್ಲಾಸಿಕ್ 500ರದ್ದು 84 ಮಿ.ಮೀ. ಸ್ಟ್ರೋಕ್ ಎರಡಕ್ಕೂ 90 ಮಿ.ಮೀ. ಹೀಗಾಗಿ ಒಂದು 346 ಸಿಸಿ, ಇನ್ನೊಂದು 499 ಸಿಸಿ.

ಆದರೆ ಹೋಲಿಕೆ ಇಷ್ಟಕ್ಕೇ ನಿಲ್ಲುತ್ತದೆ. ಆ 350ಕ್ಕೆ ಇಂಧನ ಕೊಡುತ್ತಿದ್ದುದು ಕಾರ್ಬುರೇಟರ್. 500ಕ್ಕೆ ಫ್ಯುಯೆಲ್ ಇಂಜೆಕ್ಷನ್. ಅಂದರೆ ಎಂಜಿನ್ ಜೊತೆಗೆ ಇಂಧನ ಪಂಪ್, ಸೆನ್ಸರ್‌ಗಳು, ಇಸಿಯು ಮತ್ತು ವೈರಿಂಗ್ ಕೂಡ ಬರಬೇಕು. ಇವಿಲ್ಲದೆ ಆ ಎಂಜಿನ್ ಸ್ಟಾರ್ಟ್ ಕೂಡ ಆಗುವುದಿಲ್ಲ.

ಹೆಸರು ಒಂದೇ ಇದ್ದರೂ ಎಂಜಿನ್ ಬೇರೆ

2021ರ ಹೊಸ ಕ್ಲಾಸಿಕ್ 350ರ ಬೋರ್ 72 ಮಿ.ಮೀ., ಸ್ಟ್ರೋಕ್ 85.8 ಮಿ.ಮೀ. ಟ್ಯಾಂಕಿನ ಮೇಲಿನ ಹೆಸರು ಅದೇ ಆದರೂ ಹಳೆಯದರ ಪಿಸ್ಟನ್ ಇದಕ್ಕೆ ಹೊಂದುವುದಿಲ್ಲ. ಆದ್ದರಿಂದ ಬಿಡಿಭಾಗ ಕೊಳ್ಳುವಾಗ ಮಾದರಿಯ ಹೆಸರನ್ನಷ್ಟೇ ನೆಚ್ಚಬೇಡಿ. ತಯಾರಾದ ವರ್ಷ, ಎಂಜಿನ್ ಸಂಖ್ಯೆ ಮತ್ತು ಬಿಡಿಭಾಗದ ಸಂಖ್ಯೆ ಮೂರನ್ನೂ ತಾಳೆ ನೋಡಿ.

ಓಡುವುದು ಬೇರೆ, ನಿಲ್ಲುವುದು ಬೇರೆ

ಈ ಎಂಜಿನ್‌ಗಳಲ್ಲಿ ಗೇರ್‌ಬಾಕ್ಸ್ ಮತ್ತು ಕ್ಲಚ್ ಎಂಜಿನ್‌ನ ಜೊತೆಗೇ ಬರುತ್ತವೆ. ಆದರೆ ಚೈನ್, ಸ್ಪ್ರಾಕೆಟ್, ಚಾಸಿ, ಬ್ರೇಕ್ ಹಳೆಯವೇ ಉಳಿಯುತ್ತವೆ. ಚಲಿಸುವ ವಾಹನದ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ. ವೇಗ ಗಂಟೆಗೆ 80 ಕಿ.ಮೀ.ಯಿಂದ 100ಕ್ಕೆ ಏರಿದರೆ, ಬ್ರೇಕ್ ತಡೆಯಬೇಕಾದ ಶಕ್ತಿ ಸುಮಾರು ಶೇ. 56ರಷ್ಟು ಹೆಚ್ಚು. ಎಂಜಿನ್ ಬಗ್ಗೆ ಮಾತಾಡುವವರು ಹೆಚ್ಚಾಗಿ ಮರೆಯುವುದು ಇದನ್ನೇ.

ಎಂಜಿನ್ ಬದಲಿಸದೆ ಸಿಲಿಂಡರ್, ಪಿಸ್ಟನ್ ಮಾತ್ರ ದೊಡ್ಡದು ಹಾಕಿಸುವವರೂ ಇದ್ದಾರೆ. ಕ್ರ್ಯಾಂಕ್‌ನ ತೂಕವನ್ನು ಹಳೆಯ ಪಿಸ್ಟನ್‌ಗೆ ಸರಿದೂಗಿಸಿರುತ್ತಾರೆ. ಪಿಸ್ಟನ್ ಭಾರವಾದರೆ ನಡುಕ ಹೆಚ್ಚಿ, ಬೇರಿಂಗ್ ಬೇಗ ಸವೆಯಬಹುದು.

ಕಾನೂನು ಏನನ್ನುತ್ತದೆ?

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ನಮೂದಿಸಿದ ವಿವರಗಳಿಗಿಂತ ಆರ್‌ಸಿಯ ವಿವರ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. ಸಿಸಿ ಕೂಡ ಅಂಥ ವಿವರವೇ. 2019ರ ತಿದ್ದುಪಡಿಯ ನಂತರ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂ. ದಂಡ ಅಥವಾ 6 ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ಅಪಘಾತವಾದರೆ ವಿಮೆಯ ಹಣಕ್ಕೂ ತಕರಾರು ಬರಬಹುದು.

ಎಂಜಿನ್ ಕೆಟ್ಟು ಅದೇ ಮಾದರಿಯದನ್ನು ಹಾಕಿಸುವುದಾದರೂ ಎಂಜಿನ್ ಸಂಖ್ಯೆ ಬದಲಾಗುತ್ತದೆ. ಹಾಗಾಗಿ ಮೊದಲು ಆರ್‌ಟಿಒದಲ್ಲಿ ವಿಚಾರಿಸಿ, ಖರೀದಿಯ ಬಿಲ್ ಇಟ್ಟುಕೊಂಡು, ಆರ್‌ಸಿಯಲ್ಲಿ ಹೊಸ ಸಂಖ್ಯೆ ಬರೆಸಿಕೊಳ್ಳಿ. ಹೆಚ್ಚು ಶಕ್ತಿಯೇ ಬೇಕೆಂದರೆ, ಆ ಶಕ್ತಿಗೆಂದೇ ತಯಾರಾದ ಬೈಕ್ ಕೊಳ್ಳುವುದು ಒಳ್ಳೆಯದು.