ಶಿಸ್ತಿನ ಕೋಲು ಯಾರ ಬೆನ್ನಿಗೆ?

ಧಾರಾವಿಯ 90 ಅಡಿ ರಸ್ತೆಯಿಂದ ಗಲ್ಲಿಗಳಿಗೆ ಇಳಿದರೆ ಒಂದೊಂದು ಕೋಣೆಯ ದವಾಖಾನೆಗಳು. ಎಂಬಿಬಿಎಸ್, ಯುನಾನಿ, ಹೋಮಿಯೋಪತಿ ಎಂದು ಬೋರ್ಡುಗಳು ಬೇರೆ ಬೇರೆ. 2020ರ ಏಪ್ರಿಲ್ 1ರಂದು ಇಲ್ಲಿ ಮೊದಲ ಕೊರೊನಾ ಪ್ರಕರಣ ಪತ್ತೆಯಾದ ಮೇಲೆ ಪಾಲಿಕೆಯ ಜೊತೆ ಮನೆಮನೆಗೆ ತಪಾಸಣೆಗೆ ಹೋದವರಲ್ಲಿ ಇಲ್ಲಿನ ಖಾಸಗಿ ವೈದ್ಯರೂ ಇದ್ದರು. ಅದೇ ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥರು ಧಾರಾವಿಯನ್ನು ಹೆಸರಿಸಿ ಹೊಗಳಿದರು.

ಹೊಗಳುವುದು ಸುಲಭ. ನಾಳೆ ಈ ವೈದ್ಯರಲ್ಲೊಬ್ಬರ ಮೇಲೆ ದೂರು ಬಂದರೆ ಅವರ ಹೆಸರು, ಊರು, ಧರ್ಮ, ಜಾತಿ ನೋಡದೆ ವಿಚಾರಣೆ ನಡೆಯುತ್ತದೆಯೇ?

ಕಾಗದದ ಮೇಲೆ ಎಲ್ಲವೂ ಸರಿಯಿದೆ. ಎಂಬಿಬಿಎಸ್ ವೈದ್ಯರ ಮೇಲಿನ ದೂರು ಮಹಾರಾಷ್ಟ್ರ ವೈದ್ಯಕೀಯ ಪರಿಷತ್ತಿಗೆ ಹೋಗುತ್ತದೆ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 30ನೇ ಕಲಮಿನ ಪ್ರಕಾರ ವೈದ್ಯರ ಮಾತು ಕೇಳದೆ ಶಿಕ್ಷೆ ವಿಧಿಸುವಂತಿಲ್ಲ. 2002ರ ನಡತೆ ನಿಯಮಗಳು ದೂರನ್ನು ಆರು ತಿಂಗಳಲ್ಲಿ ಮುಗಿಸಲು ಹೇಳುತ್ತವೆ. ಆದರೆ ಯಾರ ಮೇಲೆ ಹೆಚ್ಚು ದೂರು ಬರುತ್ತದೆ, ಒಂದೇ ತಪ್ಪಿಗೆ ಯಾರಿಗೆ ಎಚ್ಚರಿಕೆ, ಯಾರಿಗೆ ಅಮಾನತು ಎಂದು ಲೆಕ್ಕ ಇಡಬೇಕೆಂದು ಆ ಕಲಮು ಹೇಳುವುದಿಲ್ಲ.

ಲೆಕ್ಕವಿಲ್ಲದ ಕಡೆ ಉದಾಹರಣೆಗಳೇ ಮಾತಾಡಬೇಕು. ಗೋರಖಪುರದ ಬಿಆರ್‌ಡಿ ವೈದ್ಯಕೀಯ ಕಾಲೇಜಿನಲ್ಲಿ 2017ರ ಆಗಸ್ಟ್‌ನಲ್ಲಿ ಮಕ್ಕಳು ಸತ್ತಾಗ ಡಾ. ಕಫೀಲ್ ಖಾನ್ ಅಮಾನತಾದರು, ಜೈಲಿಗೂ ಹೋದರು. ಇಲಾಖಾ ವಿಚಾರಣೆಯ ವರದಿ ಚಿಕಿತ್ಸೆಯಲ್ಲಿ ನಿರ್ಲಕ್ಷ್ಯ ತೋರಿದ ಆರೋಪದಿಂದ ಅವರನ್ನು ಮುಕ್ತಗೊಳಿಸಿತು. ಜೊತೆಗೆ ಅಮಾನತಾದ ಹಲವರು ಕೆಲಸಕ್ಕೆ ಮರಳಿದರು. ಅವರು ಮಾತ್ರ 2021ರ ನವೆಂಬರ್‌ನಲ್ಲಿ ವಜಾ ಆದರು. ನಡುವೆ, 2020ರ ಜನವರಿಯಲ್ಲಿ, ಒಂದು ಭಾಷಣದ ಕಾರಣಕ್ಕೆ ಅವರನ್ನು ಬಂಧಿಸಿದ್ದು ಇದೇ ಮುಂಬಯಿಯಲ್ಲಿ. ನಂತರ ಹಾಕಿದ ರಾಷ್ಟ್ರೀಯ ಭದ್ರತಾ ಕಾಯ್ದೆಯ ಬಂಧನವನ್ನು ಅಲಹಾಬಾದ್ ಹೈಕೋರ್ಟ್ ಸೆಪ್ಟೆಂಬರ್ 1ರಂದು ರದ್ದುಮಾಡಿತು. ಇದು ಪರಿಷತ್ತಿನ ಶಿಕ್ಷೆಯಲ್ಲ, ಸರ್ಕಾರದ್ದು ಎನ್ನಬಹುದು. ನಿಜ. ಆದರೆ ಶಿಸ್ತು ಶುರುವಾಗುವುದೇ ಕೆಲಸ ಕೊಟ್ಟವರ ಮೇಜಿನಲ್ಲಿ.

ಶಿಸ್ತಿನ ಕೋಲು ಇನ್ನೊಂದು ರೀತಿಯಲ್ಲೂ ತಪ್ಪುತ್ತದೆ: ಏಳಬೇಕಾದಾಗ ಏಳುವುದಿಲ್ಲ. ಧಾರಾವಿಯಿಂದ ಕೆಲವೇ ಕಿಲೋಮೀಟರ್ ದೂರದ ನಾಯರ್ ಆಸ್ಪತ್ರೆಯಲ್ಲಿ ಸ್ನಾತಕೋತ್ತರ ವಿದ್ಯಾರ್ಥಿನಿ, ಆದಿವಾಸಿ ಮುಸ್ಲಿಂ ಕುಟುಂಬದ ಡಾ. ಪಾಯಲ್ ತಡ್ವಿ 2019ರ ಮೇ 22ರಂದು ತೀರಿಕೊಂಡರು. ಹಿರಿಯರ ಕಿರುಕುಳದ ಬಗ್ಗೆ ಮೊದಲೇ ಹೇಳಿದ್ದೆವು, ಯಾರೂ ಕಿವಿಗೊಡಲಿಲ್ಲ ಎಂದು ಕುಟುಂಬ ದೂರಿತು. ಆರೋಪ ಸಾಬೀತೋ ಇಲ್ಲವೋ ನ್ಯಾಯಾಲಯ ಹೇಳಲಿ. ದೂರಿಗೆ ಒಂದು ಬಾಗಿಲು ತೆರೆದಿತ್ತೇ ಎಂಬುದಕ್ಕೆ ವೈದ್ಯಲೋಕ ಉತ್ತರಿಸಬೇಕು.

ಲೆಕ್ಕ ಹಾಕಿದರೆ ಗುಣಮಟ್ಟ ಸಡಿಲವಾಗುತ್ತದೆ ಎಂಬ ವಾದವಿದೆ. ಬ್ರಿಟನ್ ಲೆಕ್ಕ ಹಾಕಿತು. ಅಲ್ಪಸಂಖ್ಯಾತ ಜನಾಂಗದ ವೈದ್ಯರ ಮೇಲೆ ಆಸ್ಪತ್ರೆಗಳು ಬಿಳಿಯರಿಗಿಂತ ಎರಡು ಪಟ್ಟು ಹೆಚ್ಚು ದೂರು ಕಳಿಸುತ್ತಿವೆ ಎಂದು ಅಲ್ಲಿನ ಜನರಲ್ ಮೆಡಿಕಲ್ ಕೌನ್ಸಿಲ್‌ಗೆ ಗೊತ್ತಾಯಿತು. ಏಕೆಂದು ತಿಳಿಯಲು 2019ರಲ್ಲಿ ಅಧ್ಯಯನ ವರದಿ ತರಿಸಿತು. 2021ರಲ್ಲಿ, ಆ ಅಂತರವನ್ನು 2026ರೊಳಗೆ ಅಳಿಸುತ್ತೇವೆಂದು ಗುರಿ ಇಟ್ಟುಕೊಂಡಿತು. ಹಾಗೆಂದು ತಪ್ಪು ಮಾಡಿದ ವೈದ್ಯರನ್ನು ಅದು ಬಿಟ್ಟುಬಿಡಲಿಲ್ಲ.

ನಮ್ಮಲ್ಲೂ ಬೇಕಿರುವುದು ಅಷ್ಟೇ. ದೂರು ಕಳಿಸಿದವರು ಯಾರು, ಎಷ್ಟು ತಿಂಗಳು ಹಿಡಿಯಿತು, ಏನು ಶಿಕ್ಷೆ ಎಂಬುದನ್ನು ವೈದ್ಯರ ಸಮುದಾಯದ ವಿವರದೊಂದಿಗೆ, ಹೆಸರು ಮರೆಮಾಡಿ ಪರಿಷತ್ತುಗಳು ಪ್ರತಿ ವರ್ಷ ಪ್ರಕಟಿಸಲಿ. ಯುನಾನಿ, ಹೋಮಿಯೋಪತಿ ಪರಿಷತ್ತುಗಳೂ ಸೇರಲಿ. ರೋಗಿಗೂ ನ್ಯಾಯ ಸಿಗಲಿ: 30ನೇ ಕಲಮು ಮೇಲ್ಮನವಿಯ ಹಕ್ಕನ್ನು ವೈದ್ಯರಿಗೆ ಕೊಟ್ಟಿದೆ, ರೋಗಿಯನ್ನು ಹೆಸರಿಸಿಯೇ ಇಲ್ಲ. ಧಾರಾವಿಯಲ್ಲಿ ವೈದ್ಯರೂ ರೋಗಿಯೂ ಬಹುಪಾಲು ಒಂದೇ ಗಲ್ಲಿಯವರು. ಅನ್ಯಾಯವಾಗಿ ಒಂದು ದವಾಖಾನೆ ಮುಚ್ಚಿದರೂ, ಅನ್ಯಾಯವಾಗಿ ಒಂದು ದೂರು ಮುಚ್ಚಿದರೂ ಬೆಲೆ ತೆರುವವರು ಅವರೇ.