ಸಮುದ್ರಯಾನವೂ ರೋಗಗೋಪನವೂ

ನಮ್ಮ ಸಂಘದ ಸದಸ್ಯರಲ್ಲಿ ಅನೇಕರ ತಂದೆ-ತಾತಂದಿರು ಕರಾವಳಿಯ ಬಂದರುಗಳಿಂದ ಹಡಗೇರಿ ಮುಂಬಯಿಗೆ ಬಂದವರು. ಅವರದು ಹೊಟ್ಟೆಪಾಡಿನ ಯಾನ. ಇಂದು ನಾವು ಅದೇ ಪಶ್ಚಿಮ ಸಮುದ್ರದ ಮೇಲೆ ವಿಹಾರಾರ್ಥವಾಗಿ ಹೊರಡುತ್ತಿದ್ದೇವೆ. 2021ರ ಸೆಪ್ಟೆಂಬರಿನಲ್ಲಿ ಮುಂಬಯಿ ಬಂದರಿನಿಂದ ಗೋವೆ ಮೊದಲಾದೆಡೆಗೆ ವಿಹಾರನೌಕೆಯ ಯಾನ ಆರಂಭವಾದ ಬಳಿಕ, ತಂದೆಯ ಷಷ್ಟ್ಯಬ್ದಿಗೋ ತಾಯ್ತಂದೆಯರ ವಿವಾಹದ ಸುವರ್ಣೋತ್ಸವಕ್ಕೋ ಹಡಗಿನ ಟಿಕೇಟನ್ನು ಉಡುಗೊರೆಯಾಗಿ ಕೊಡುವ ಮಕ್ಕಳನ್ನು ನಾನು ಕಂಡಿದ್ದೇನೆ. ಸಂತೋಷದ ಸಂಗತಿಯೇ ಸರಿ. ಆದರೆ ಈ ಸಂತೋಷದ ಬೆನ್ನಿಗೆ ಒಂದು ದುರಭ್ಯಾಸವೂ ನುಸುಳಿ ಬರುತ್ತಿದೆ. ಹಿರಿಯರಿಗಿರುವ ಕಾಯಿಲೆಯನ್ನು ಮುಚ್ಚಿಟ್ಟು ಅವರನ್ನು ಹಡಗು ಹತ್ತಿಸುವುದೇ ಆ ಅಭ್ಯಾಸ.

ನಾನು ವೈದ್ಯನಲ್ಲ. ವಾಣಿಜ್ಯಶಾಸ್ತ್ರವನ್ನು ಓದಿ ಬ್ಯಾಂಕಿನಲ್ಲಿ ಲೆಕ್ಕಪತ್ರ ನೋಡುವವನು. ಆರೋಗ್ಯ ಲೇಖನಗಳ ನಡುವೆ ನನ್ನಂಥವನು ತಲೆಹಾಕುವುದು ಅಧಿಕಪ್ರಸಂಗವೆನಿಸೀತು. ಆದರೂ ನನ್ನ ಮೇಜಿನ ಮೇಲೆಯೇ ನಡೆದ ಒಂದು ಘಟನೆ ಈ ನಾಲ್ಕು ಮಾತುಗಳನ್ನು ಬರೆಯಿಸುತ್ತಿದೆ.

ಮುಂಬಯಿಗೆ ಮರಳುವ ಮುನ್ನ ನಾನು ನಾಸಿಕ ಜಿಲ್ಲೆಯ ದಿಂಡೋರಿಯಲ್ಲಿದ್ದೆ. ದ್ರಾಕ್ಷಿ ತೋಟಗಳ ಊರು. ಸಮುದ್ರಕ್ಕೂ ಅದಕ್ಕೂ ನಡುವೆ ಸಹ್ಯಾದ್ರಿಯೇ ಅಡ್ಡ ನಿಂತಿದೆ. ಅಲ್ಲಿಗೆ ಸಮೀಪದ ಓಝರಿನ ವಿಮಾನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಧಾರವಾಡದ ಕಡೆಯ ಹಿರಿಯರೊಬ್ಬರು ಮಗನೊಡನೆ ದಿಂಡೋರಿಯಲ್ಲಿ ನೆಲೆಸಿದ್ದರು. ಮಗ ತಂದೆಗೆ ಹಡಗಿನ ವಿಹಾರವನ್ನು ಏರ್ಪಡಿಸಿ, ಪ್ರವಾಸ ವಿಮೆಗೆಂದು ನಮ್ಮ ಶಾಖೆಗೆ ಬಂದರು. ಅರ್ಜಿಯಲ್ಲಿ ಹೃದಯರೋಗದ ಪ್ರಶ್ನೆಗೆ ‘ಇಲ್ಲ’ ಎಂದು ಬರೆದಿದ್ದರು. ಆ ಹಿರಿಯರ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿ ಎರಡು ತಿಂಗಳೂ ಆಗಿರಲಿಲ್ಲವೆಂಬುದು ನನಗೆ ಗೊತ್ತಿತ್ತು. ಆಸ್ಪತ್ರೆಯ ಖರ್ಚಿಗೆ ಠೇವಣಿ ಮುರಿಸಿಕೊಟ್ಟವನು ನಾನೇ. ಕೇಳಿದಾಗ ಮಗ, “ಶುಭಕ್ಕೆ ಹೊರಟಾಗ ರೋಗದ ಮಾತು ಯಾಕೆ ಸಾರ್? ಬರೆದರೆ ವಿಮೆ ಕೊಡುವುದಿಲ್ಲ” ಎಂದರು.

ಈ ಎರಡನೆಯ ಮಾತನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಸತ್ಯ ಬರೆದರೆ ಕಂತು ಏರುವುದುಂಟು, ಅರ್ಜಿ ತಿರಸ್ಕೃತವಾಗುವುದೂ ಉಂಟು. ವೃದ್ಧರಿಗೆ ಇದರಿಂದಾಗುವ ಸಂಕಟ ಸಣ್ಣದಲ್ಲ. ಆದರೆ ಸುಳ್ಳು ಬರೆದು ಪಡೆದ ವಿಮೆ ಎಂಥದು? ವಿಮೆಯ ಒಪ್ಪಂದಕ್ಕೆ ಪರಮ ವಿಶ್ವಾಸವೇ ಬುನಾದಿಯೆಂದು ವಾಣಿಜ್ಯ ತರಗತಿಯಲ್ಲಿ ನಾವು ಓದಿದ್ದೇವೆ. ತಿಳಿದಿದ್ದ ರೋಗವನ್ನು ಮರೆಮಾಚಿದ್ದು ಹೊರಬಿದ್ದರೆ, ಹಣ ಬೇಕಾದ ದಿನವೇ ಆ ಕಾಗದ ನಿರುಪಯೋಗಿಯಾಗಬಹುದು. ಖಾತೆಯಲ್ಲಿಲ್ಲದ ಹಣಕ್ಕೆ ಚೆಕ್ಕು ಬರೆದಂತೆ.

ಹಣದ ಮಾತು ಹಾಗಿರಲಿ. ಸಮುದ್ರದ ನಡುವೆ ಎದೆನೋವು ಬಂದರೆ ಏನಾಗುತ್ತದೆಂಬುದನ್ನು ವಿಚಾರಿಸೋಣ. 2006ರ ಅಂತಾರಾಷ್ಟ್ರೀಯ ನಾವಿಕ ಕಾರ್ಮಿಕ ಒಡಂಬಡಿಕೆಯ ಪ್ರಕಾರ, 100 ಅಥವಾ ಅದಕ್ಕಿಂತ ಹೆಚ್ಚು ಜನರೊಡನೆ ಮೂರು ದಿನಗಳನ್ನು ಮೀರಿದ ಅಂತಾರಾಷ್ಟ್ರೀಯ ಯಾನ ಮಾಡುವ ಹಡಗಿನಲ್ಲಿ ಅರ್ಹ ವೈದ್ಯರಿರಬೇಕು. ವಿಹಾರನೌಕೆಗಳಲ್ಲಿ ಸಾಮಾನ್ಯವಾಗಿ ಪುಟ್ಟ ಚಿಕಿತ್ಸಾಲಯ, ಆಮ್ಲಜನಕ, ಇಸಿಜಿ ಯಂತ್ರಗಳು ಇರುತ್ತವೆ. ಮುಚ್ಚಿಹೋದ ರಕ್ತನಾಳವನ್ನು ತೆರೆಯುವ ಆಂಜಿಯೋಪ್ಲಾಸ್ಟಿಯ ಸೌಕರ್ಯ ಅಲ್ಲಿರುವುದಿಲ್ಲ. ಹೃದಯಾಘಾತದಲ್ಲಿ ಕಳೆದ ಪ್ರತಿ ನಿಮಿಷವೂ ಹೃದಯದ ಸ್ನಾಯುವನ್ನು ಬಲಿ ತೆಗೆದುಕೊಳ್ಳುತ್ತದೆ. ಆಗ ಉಳಿಯುವ ಮಾರ್ಗಗಳು ಎರಡು: ಹಡಗನ್ನು ಸಮೀಪದ ಬಂದರಿಗೆ ತಿರುಗಿಸುವುದು, ಇಲ್ಲವೇ ರೋಗಿಯನ್ನು ದೋಣಿಗೋ ಹೆಲಿಕಾಪ್ಟರಿಗೋ ವರ್ಗಾಯಿಸಿ ದಡ ಸೇರಿಸುವುದು.

ಈ ಎರಡನೆಯ ಕಾರ್ಯ ನಮ್ಮ ಕಡಲಿನಲ್ಲಿಯೇ ನಡೆದಿದೆ. 2023ರ ಆಗಸ್ಟ್ 16ರ ರಾತ್ರಿ, ಮುಂಬಯಿಯಲ್ಲಿರುವ ಸಾಗರ ರಕ್ಷಣಾ ಸಮನ್ವಯ ಕೇಂದ್ರಕ್ಕೆ ಸಂಶೋಧನಾ ನೌಕೆಯೊಂದರಿಂದ ಕರೆ ಬಂದಿತು. ಚೀನಾದಿಂದ ಅರಬ್ ಸಂಯುಕ್ತ ಸಂಸ್ಥಾನದತ್ತ ಹೊರಟಿದ್ದ ಆ ನೌಕೆಯ ಚೀನೀ ಸಿಬ್ಬಂದಿಯೊಬ್ಬನಿಗೆ ಎದೆನೋವಿನೊಡನೆ ಹೃದಯದ ತೊಂದರೆ ಕಾಣಿಸಿಕೊಂಡಿತ್ತು. ದಡದಿಂದ ಸುಮಾರು 200 ಕಿಲೋಮೀಟರ್ ದೂರ. ಕಗ್ಗತ್ತಲು, ಪ್ರತಿಕೂಲ ಹವೆ. ಭಾರತೀಯ ತಟರಕ್ಷಣಾ ಪಡೆಯ, ಅಂದರೆ ಕೋಸ್ಟ್ ಗಾರ್ಡಿನ, ಹೆಲಿಕಾಪ್ಟರು ದಮನಿನ ನೆಲೆಯಿಂದ ಹೋಗಿ ಆತನನ್ನು ಎತ್ತಿ ತಂದಿತು. ಆ ಹೆಲಿಕಾಪ್ಟರು ನಮ್ಮ ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ನಿರ್ಮಿಸಿದ ಧ್ರುವ ಜಾತಿಯದು. ದೇಶ ಯಾವುದೆಂದು ಕೇಳದೆ ಜೀವ ಉಳಿಸಿದ ಈ ಕಾರ್ಯ ನಾವು ಹೆಮ್ಮೆಪಡತಕ್ಕದ್ದು.

ಹೆಮ್ಮೆಯ ಹಿಂದಿರುವ ಬೆಲೆಯನ್ನೂ ನಾವು ತಿಳಿಯಬೇಕು. 2024ರ ಸೆಪ್ಟೆಂಬರ್ 2ರ ರಾತ್ರಿ 11 ಗಂಟೆಯ ಸುಮಾರಿಗೆ ಇದೇ ಪಡೆಯ ಇಂತಹದೇ ಹೆಲಿಕಾಪ್ಟರೊಂದು, ‘ಹರಿ ಲೀಲಾ’ ಎಂಬ ಟ್ಯಾಂಕರ್ ಹಡಗಿನಲ್ಲಿ ಗಾಯಗೊಂಡಿದ್ದ ನಾವಿಕನನ್ನು ಕರೆತರಲು ಹೊರಟಿತ್ತು. ಗುಜರಾತಿನ ಪೋರಬಂದರಿನಿಂದ ಸುಮಾರು 45 ಕಿಲೋಮೀಟರ್ ದೂರದಲ್ಲಿ ಅದು ಸಮುದ್ರಕ್ಕೆ ಬಿದ್ದಿತು. ಒಳಗಿದ್ದ ನಾಲ್ವರಲ್ಲಿ ಒಬ್ಬರು ಬದುಕಿದರು, ಮೂವರು ಪ್ರಾಣ ತೆತ್ತರು. ಕೊನೆಯವರ ಪಾರ್ಥಿವ ಶರೀರ ದೊರೆತದ್ದು ತಿಂಗಳ ಮೇಲಾದ ಬಳಿಕ. ಆ ನಾವಿಕನದು ಏನೂ ತಪ್ಪಿರಲಿಲ್ಲ. ಕೆಲಸದ ಮೇಲಿದ್ದಾಗ ಗಾಯಗೊಂಡವನನ್ನು ಕರೆತರುವುದು ಧರ್ಮ. ಆ ಧರ್ಮಕ್ಕಾಗಿಯೇ ಅವರು ಹೊರಟರು.

ನನ್ನ ಮನಸ್ಸನ್ನು ಕಲಕುವ ಪ್ರಶ್ನೆ ಇದು: ಗಾಯಗೊಂಡ ನಾವಿಕನಿಗಾಗಿ ಕತ್ತಲೆಯಲ್ಲಿ ಹಾರುವ ಈ ಯುವಕರನ್ನು, ಮೋಜಿಗೆಂದು ಹೊರಟು ಅರ್ಜಿಯಲ್ಲಿ ಒಂದು ಸಾಲು ಮರೆಮಾಚಿದ ನಮಗಾಗಿ ಹಾರಿಸಲು ನಮಗೇನು ಅಧಿಕಾರ? ರೋಗವನ್ನು ಮುಚ್ಚಿಡುವುದು ಮನೆಯ ಖಾಸಗಿ ವಿಷಯವೆಂದು ನಾವು ಭಾವಿಸಿದ್ದೇವೆ. ಅದರ ಸಾಲವನ್ನು ತೀರಿಸಬೇಕಾಗಿ ಬರುವವರು ಬೇರೆಯವರು. ರೋಗಿಗೂ ಅಪಾಯ ತಪ್ಪಿದ್ದಲ್ಲ. ತೂಗಾಡುವ ಹಡಗಿನಿಂದ ಹಗ್ಗದ ಮೂಲಕ ಮೇಲೆತ್ತಿಸಿಕೊಳ್ಳುವುದು ದುರ್ಬಲ ಹೃದಯಕ್ಕೆ ಸುಲಭದ ಮಾತಲ್ಲ. ಹವೆ ಕೆಟ್ಟಿದ್ದರೆ ಹೆಲಿಕಾಪ್ಟರು ಬರಲಾರದು.

ಮತ್ತೆ ದಿಂಡೋರಿಗೆ ಬರೋಣ. ಮಗ ನನ್ನೊಡನೆ ವಾದಿಸುತ್ತಿದ್ದಾಗ ಅದುವರೆಗೆ ಸುಮ್ಮನಿದ್ದ ಹಿರಿಯರು ಅರ್ಜಿಯನ್ನು ನನ್ನ ಕಡೆಗೆ ಸರಿಸಿ, “ಖರೇ ಬರೀರಿ ಸಾಹೇಬ್ರ. ತಪಾಸಣಿ ಪುಸ್ತಕದಾಗ ಸುಳ್ಳ ಬರದ್ರ, ಬರದಾಂವ ಸಾಯೂದಿಲ್ಲ, ಹಾರಿದಾಂವ ಸಾಯ್ತಾನ” ಎಂದರು. ಮೂವತ್ತು ವರ್ಷ ವಿಮಾನಗಳ ನಡುವೆ ಬಾಳಿದವರ ಆ ಮಾತಿನ ಮುಂದೆ ನನ್ನ ವಾಣಿಜ್ಯಶಾಸ್ತ್ರ ಮೂಕವಾಯಿತು. ಮಗನೂ ತಲೆತಗ್ಗಿಸಿದರು. ನಾಸಿಕದ ಹೃದಯತಜ್ಞರು ಯಾನವನ್ನು ಮುಂದೂಡಲು ಹೇಳಿದರು. ಟಿಕೇಟಿನ ಹಣದಲ್ಲಿ ಸ್ವಲ್ಪ ಭಾಗ ಹೋಯಿತು. ಮರುವರ್ಷ, ವೈದ್ಯರ ಒಪ್ಪಿಗೆಯ ಪತ್ರವನ್ನು ಜೇಬಿನಲ್ಲಿಟ್ಟುಕೊಂಡು ಅವರು ಹೋಗಿ ಬಂದರು.

ಆದಕಾರಣ ಸಂಘದ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೆ. ಹಿರಿಯರನ್ನು ಖಂಡಿತ ಕರೆದೊಯ್ಯಿರಿ. ಆದರೆ ಹೃದಯಾಘಾತ, ಸ್ಟೆಂಟ್ ಅಥವಾ ಶಸ್ತ್ರಚಿಕಿತ್ಸೆ ಇತ್ತೀಚೆಗೆ ಆಗಿದ್ದರೆ ಅವರ ವೈದ್ಯರನ್ನು ಕೇಳದೆ ಟಿಕೇಟು ತೆಗೆಯಬೇಡಿರಿ. ರೋಗದ ಹೆಸರು, ಔಷಧಿ ಮತ್ತು ಅದರ ಪ್ರಮಾಣ, ಒಗ್ಗದ ಔಷಧಿ, ಇವೆಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು, ಕೊನೆಯ ಇಸಿಜಿಯ ಪ್ರತಿಯೊಡನೆ ಕೈಚೀಲದಲ್ಲಿಡಿರಿ. ಮಾತ್ರೆಗಳೂ ಕೈಚೀಲದಲ್ಲಿಯೇ ಇರಲಿ, ಎರಡು-ಮೂರು ದಿನಕ್ಕೆ ಹೆಚ್ಚಾಗಿ. ವಿಮೆಯಲ್ಲಿ ಸಮುದ್ರಯಾನವೂ ರೋಗಿಯ ತುರ್ತು ಸಾಗಣೆಯ ವೆಚ್ಚವೂ ಸೇರಿವೆಯೇ ಎಂದು ಓದಿ ನೋಡಿರಿ. ಹಡಗಿನಲ್ಲಿ ಎದೆ ಭಾರವಾದರೆ, ಬೆವರಿದರೆ, ಉಸಿರು ಕಟ್ಟಿದರೆ ‘ವಾಯು ಇರಬೇಕು’ ಎಂದು ಜೀರಿಗೆ ಕಷಾಯ ಕುಡಿಸಿ ಮಲಗಿಸದೆ ತಕ್ಷಣ ವೈದ್ಯರನ್ನು ಕರೆಯಿರಿ. ಬೇಗ ತಿಳಿದರೆ ಹಡಗು ಬಂದರಿಗೆ ಇನ್ನೂ ಹತ್ತಿರದಲ್ಲಿರುವಾಗಲೇ ತಿರುಗಬಹುದು.

ವೈದ್ಯನ ಮುಂದೆಯೂ ವಕೀಲನ ಮುಂದೆಯೂ ಸುಳ್ಳಾಡಬಾರದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಹಡಗೇರುವವನ ಅರ್ಜಿಯನ್ನೂ ಆ ಮಾತಿಗೆ ಸೇರಿಸಬೇಕೆಂಬುದು ಈ ಲೆಕ್ಕದವನ ನಮ್ರ ಅಭಿಪ್ರಾಯ.